ಒಂದೇ ದಿನ, ನಾಲ್ಕು ರಾಜ್ಯ, 70 ಕಿಲೋಮೀಟರ್: ಅಪಲಾಚಿಯನ್ ಟ್ರೇಲ್‌ನ ಸವಾಲಿಗೆ ಸಿದ್ಧವಾಗುವುದು ಹೇಗೆ?

ಅಮೆರಿಕದ ಪೂರ್ವದ ಬೆಟ್ಟಸಾಲಿನ ಮೇಲೆ ಜಾರ್ಜಿಯಾದಿಂದ ಮೇನ್ ರಾಜ್ಯದವರೆಗೆ ಒಂದು ಕಾಲುದಾರಿ ಇದೆ. ಅದೇ ಅಪಲಾಚಿಯನ್ ಟ್ರೇಲ್. ಉದ್ದ ಸುಮಾರು 3,500 ಕಿಲೋಮೀಟರ್, ಹಾದುಹೋಗುವುದು 14 ರಾಜ್ಯ. ಬೆಂಟನ್ ಮೆಕಾಯ್ ಎಂಬುವರು 1921ರಲ್ಲಿ ಇಂಥದ್ದೊಂದು ದಾರಿ ಬೇಕು ಎಂದು ಬರೆದರು, 1937ರಲ್ಲಿ ದಾರಿ ಪೂರ್ತಿಯಾಯಿತು. ದಕ್ಷಿಣದಿಂದ ನಡೆದು ಬರುವವರಿಗೆ ವರ್ಜೀನಿಯಾ ಒಂದೇ ರಾಜ್ಯದಲ್ಲಿ ಇಡೀ ದಾರಿಯ ಕಾಲು ಭಾಗ ಕಳೆಯುತ್ತದೆ. ವಾರಗಟ್ಟಲೆ ನಡೆದರೂ ಅದೇ ವರ್ಜೀನಿಯಾ. ಅದು ಮುಗಿಯುವ ಜಾಗದಲ್ಲಿ ಮಾತ್ರ ಒಂದು ಚಂದದ ಅವಕಾಶ ಸಿಗುತ್ತದೆ. ವೆಸ್ಟ್ ವರ್ಜೀನಿಯಾ ಕೆಲವೇ ಕಿಲೋಮೀಟರ್, ಮೇರಿಲ್ಯಾಂಡ್ ಸುಮಾರು 66 ಕಿಲೋಮೀಟರ್, ಆಮೇಲೆ ಪೆನ್ಸಿಲ್ವೇನಿಯಾ. ಬೆಳಿಗ್ಗೆ ವರ್ಜೀನಿಯಾದ ಗಡಿಯಲ್ಲಿ ನಿಂತವರು 24 ಗಂಟೆಯೊಳಗೆ ಪೆನ್ಸಿಲ್ವೇನಿಯಾಕ್ಕೆ ಕಾಲಿಟ್ಟರೆ ಒಂದೇ ದಿನದಲ್ಲಿ ನಾಲ್ಕು ರಾಜ್ಯ ಆಯಿತು. ಇದನ್ನೇ 'ಫೋರ್ ಸ್ಟೇಟ್ ಚಾಲೆಂಜ್' ಅನ್ನುತ್ತಾರೆ.

ಒಟ್ಟು ದೂರ ಸುಮಾರು 70 ಕಿಲೋಮೀಟರ್. ಬೆಂಗಳೂರಿನಿಂದ ತುಮಕೂರಿಗೆ ನಡೆದಷ್ಟು, ಅದೂ ಬೆಟ್ಟದ ಮೇಲೆ. ಬಹುಮಾನ ಇಲ್ಲ, ಎದೆಗೆ ನಂಬರ್ ಅಂಟಿಸುವವರಿಲ್ಲ, ನೋಡುವವರೂ ಇಲ್ಲ. ನಡೆಯುವವರು ತಮಗೆ ತಾವೇ ಹಾಕಿಕೊಳ್ಳುವ ಸವಾಲು ಇದು.

ನಾನಿರುವುದು ಮೇರಿಲ್ಯಾಂಡಿನಲ್ಲಿ. ಎರಡು ಸಲ ಪ್ರಯತ್ನ ಪಟ್ಟೆ. ಮೊದಲ ಸಲ 55ನೇ ಕಿಲೋಮೀಟರಿನಲ್ಲಿ ನಿಲ್ಲಿಸಬೇಕಾಯಿತು. ಎರಡನೇ ಸಲ ಹದಿನೆಂಟು ಗಂಟೆ ಚಿಲ್ಲರೆಯಲ್ಲಿ ಮುಗಿಯಿತು. ಎರಡು ಸಲವೂ ನನ್ನ ಕಾಲಿನ ಶಕ್ತಿ ಹೆಚ್ಚುಕಮ್ಮಿ ಅಷ್ಟೇ ಇತ್ತು. ಬದಲಾಗಿದ್ದು ಮೊದಲ 30 ಕಿಲೋಮೀಟರ್ ನಡೆದ ರೀತಿ. ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದೊಂದು ನೆನಪಿರಲಿ: ಬೆಳಿಗ್ಗೆ ಎಷ್ಟು ನಿಧಾನವಾಗಿ ನಡೆಯುತ್ತೀರಿ ಅನ್ನುವುದರ ಮೇಲೆ ಸಂಜೆ ನಿಮ್ಮ ಕಾಲು ಉಳಿಯುತ್ತದೋ ಇಲ್ಲವೋ ಅನ್ನುವುದು ನಿಂತಿದೆ.

ಮೊದಲು ದಾರಿಯ ಗುಣ ತಿಳಿದುಕೊಳ್ಳಿ

ನಕ್ಷೆ ನೋಡಿದವರು "ಅಂಥಾ ಏರೇನೂ ಇಲ್ಲವಲ್ಲ" ಅಂದುಕೊಳ್ಳುತ್ತಾರೆ. ನಿಜ. ಕುಮಾರ ಪರ್ವತದಂಥ ಏರು ಇಲ್ಲಿ ಎಲ್ಲೂ ಇಲ್ಲ. ಮೇರಿಲ್ಯಾಂಡಿನಲ್ಲಿ ದಾರಿ ಬಹುಪಾಲು ಸೌತ್ ಮೌಂಟನ್ ಎಂಬ ಉದ್ದನೆಯ ಬೆಟ್ಟದ ಬೆನ್ನ ಮೇಲೆ ಸಾಗುತ್ತದೆ. ಅಪಲಾಚಿಯನ್ ಟ್ರೇಲ್‌ನ ಸುಲಭ ಭಾಗಗಳಲ್ಲಿ ಇದೂ ಒಂದು ಎಂದು ಹೆಸರು. ಆದರೆ ಆ ಸುಲಭವೆಲ್ಲ ದಕ್ಷಿಣದ ಅರ್ಧದಲ್ಲಿದೆ. ಉತ್ತರಕ್ಕೆ ಹೋದಂತೆ ಮಣ್ಣಿನ ದಾರಿ ಕರಗಿ ಕಲ್ಲು ಜಾಸ್ತಿಯಾಗುತ್ತದೆ. ತಲೆಯಷ್ಟು ದೊಡ್ಡ, ಮೂಲೆ ಚೂಪಾದ, ಕಾಲಿಟ್ಟರೆ ಅಲ್ಲಾಡುವ ಕಲ್ಲುಗಳು. ಕಾಲು ತಾಜಾ ಇದ್ದಾಗ ಅವನ್ನು ಆಟದಂತೆ ದಾಟಬಹುದು. 55 ಕಿಲೋಮೀಟರ್ ನಡೆದ ಕಾಲಿಗೆ ಒಂದೊಂದು ಕಲ್ಲೂ ಒಂದೊಂದು ಲೆಕ್ಕ.

ಅದಕ್ಕೇ ನನ್ನ ಮೊದಲ ಸಲಹೆ, ಬೇರೆಯವರು ಅಷ್ಟಾಗಿ ಹೇಳದ ಸಲಹೆ: ಹತ್ತಿರ ಇರುವವರು ಸವಾಲಿಗೆ ಒಂದು ತಿಂಗಳು ಮುಂಚೆ ಕೊನೆಯ ಭಾಗವನ್ನು, ಅಂದರೆ ವುಲ್ಫ್ಸ್‌ವಿಲ್ ರಸ್ತೆಯಿಂದ ಪೆನ್ಸಿಲ್ವೇನಿಯಾ ಗಡಿಯ ಪೆನ್ ಮಾರ್‌ವರೆಗಿನ ಸುಮಾರು 15 ಕಿಲೋಮೀಟರನ್ನು, ಬೇರೆಯಾಗಿ ಒಂದು ದಿನ ನಡೆದು ನೋಡಿ. ಆಗುವುದಾದರೆ ಇನ್ನೊಮ್ಮೆ. ಸುಸ್ತಾದ ತಲೆಗೆ ಹೊಸ ಜಾಗ ಹೆದರಿಕೆ ಹುಟ್ಟಿಸುತ್ತದೆ. ಗೊತ್ತಿರುವ ತಿರುವು ಬಂದರೆ ಅದೇ ತಲೆ "ಇನ್ನೇನು ಹಳ್ಳ ಬಂತು, ಆಮೇಲೆ ಒಂದು ಏರು" ಎಂದು ಸಮಾಧಾನ ಹೇಳುತ್ತದೆ.

ಯಾವಾಗ ಹೋಗಬೇಕು, ಎಷ್ಟು ಹೊತ್ತಿಗೆ ಹೊರಡಬೇಕು

ಜಾರ್ಜಿಯಾದಿಂದ ನಡೆದು ಬರುವವರಲ್ಲಿ ಹೆಚ್ಚಿನವರು ಮೇ ಕೊನೆ, ಜೂನ್ ಹೊತ್ತಿಗೆ ಇಲ್ಲಿಗೆ ಮುಟ್ಟುತ್ತಾರೆ. ಜೂನಿನಲ್ಲಿ ಹಗಲು ಸುಮಾರು 15 ಗಂಟೆ ಇರುತ್ತದೆ. ಇದು ದೊಡ್ಡ ಅನುಕೂಲ. ಆದರೆ ಸೆಕೆ ಮಂಗಳೂರಿನ ಹಾಗೆ. ಬೆವರು ಒಣಗುವುದೇ ಇಲ್ಲ. ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುವವರು ಮೇ ಮಧ್ಯದಲ್ಲಿ ಹೋಗಿ. ಸೆಪ್ಟೆಂಬರ್ ತಂಪಾಗಿ ಚೆನ್ನಾಗಿರುತ್ತದೆ, ಆದರೆ ಹಗಲು ಚಿಕ್ಕದು. ಗುಡುಗು ಮಳೆಯ ಮುನ್ಸೂಚನೆ ಇದ್ದ ದಿನ ಬೇಡ. ಒದ್ದೆ ಕಲ್ಲಿನ ಮೇಲೆ ಕತ್ತಲಲ್ಲಿ ನಡೆಯುವುದು ಸಾಹಸವಲ್ಲ, ಸುಮ್ನೆ ಕಾಲು ಮುರಿದುಕೊಳ್ಳುವ ದಾರಿ.

ಹೊರಡುವ ಹೊತ್ತಿನ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ. ಕೆಲವರು ಮಧ್ಯರಾತ್ರಿಗೆ ಸರಿಯಾಗಿ ಶುರು ಮಾಡುತ್ತಾರೆ. ಇನ್ನು ಕೆಲವರು ಬೆಳಗಾದ ಮೇಲೆ. ನಾನು ಹೇಳುವುದು ಬೆಳಗಿನ ಜಾವ ಮೂರು ಗಂಟೆ. ಕತ್ತಲನ್ನು ತಪ್ಪಿಸಲು ಆಗುವುದಿಲ್ಲ ಅಂದಮೇಲೆ ಅದನ್ನು ಸುಲಭದ ದಾರಿಯಲ್ಲೇ ಕಳೆಯಬೇಕು, ಅಲ್ವಾ? ಮೂರಕ್ಕೆ ಹೊರಟರೆ ಊರು ಮತ್ತು ನದಿ ಪಕ್ಕದ ಸಮತಟ್ಟು ದಾರಿ ಕತ್ತಲಲ್ಲಿ ಮುಗಿಯುತ್ತದೆ. ಉತ್ತರದ ಕಲ್ಲುಗಳ ಹತ್ತಿರ ಬರುವಾಗ ಸಂಜೆಯ ಬೆಳಕು ಇನ್ನೂ ಇರುತ್ತದೆ.

ಒಂದು ಮಾತು: ದಾರಿ ಹಲವು ಪಾರ್ಕ್‌ಗಳ ಒಳಗೆ ಹಾದುಹೋಗುತ್ತದೆ. ಅವುಗಳ ಸಮಯ, ಕಾರು ನಿಲ್ಲಿಸುವ ನಿಯಮ ಬೇರೆ ಬೇರೆ. ಹೊರಡುವ ವಾರದಲ್ಲಿ ಒಮ್ಮೆ ನೋಡಿಕೊಳ್ಳಿ. ಮೇರಿಲ್ಯಾಂಡಿನಲ್ಲಿ ಟೆಂಟ್ ಹಾಕಲು ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ ಅನುಮತಿ. ಹಾಗಾಗಿ "ಸಾಕಾದರೆ ಎಲ್ಲಾದರೂ ಮಲಗುತ್ತೇನೆ" ಅನ್ನುವ ಲೆಕ್ಕ ನಡೆಯುವುದಿಲ್ಲ.

ತಯಾರಿ: ಹತ್ತು ಹನ್ನೆರಡು ವಾರ

ಸಾವಿರಾರು ಕಿಲೋಮೀಟರ್ ನಡೆದು ಬಂದವರಿಗೆ ಕಾಲಿನ ತಯಾರಿ ಬೇಕಿಲ್ಲ. ಅವರ ತೊಂದರೆ ಬೆನ್ನಿನ ಚೀಲ. ಯಾರಾದರೂ ಗೆಳೆಯರು ದೊಡ್ಡ ಚೀಲವನ್ನು ಕಾರಿನಲ್ಲಿ ಪೆನ್ ಮಾರ್‌ಗೆ ತಲುಪಿಸಿದರೆ ಒಳ್ಳೆಯದು. ಇಲ್ಲದಿದ್ದರೆ ಹಿಂದಿನ ದಿನ ಕಡಿಮೆ ನಡೆದು, ಆಹಾರದ ಹೊರೆ ಇಳಿಸಿಕೊಂಡು ಹೊರಡಿ.

ನನ್ನ ಹಾಗೆ ಇಡೀ ವಾರ ಕಂಪ್ಯೂಟರ್ ಮುಂದೆ ಕೂರುವವರು ಕನಿಷ್ಠ ಹತ್ತು ವಾರ ಕೊಡಬೇಕು. ವಾರದ ದಿನಗಳಲ್ಲಿ ಮೂರು ದಿನ ಒಂದೊಂದು ಗಂಟೆ ನಡಿಗೆ, ಜೊತೆಗೆ ಮೆಟ್ಟಿಲು ಹತ್ತಿ ಇಳಿಯುವುದು. ಇಳಿಯುವುದನ್ನು ಬಿಡಬೇಡಿ, ಮೊಣಕಾಲಿನ ಪರೀಕ್ಷೆ ಆಗುವುದು ಅಲ್ಲೇ. ಶನಿವಾರ ಉದ್ದ ನಡಿಗೆ, ಭಾನುವಾರ ಅದರ ಅರ್ಧ. ಭಾನುವಾರದ ನಡಿಗೆಯೇ ನಿಜವಾದ ಪಾಠ, ಏಕೆಂದರೆ ಸುಸ್ತಾದ ಕಾಲಿನಲ್ಲಿ ನಡೆಯುವುದನ್ನು ಅದು ಕಲಿಸುತ್ತದೆ. ಶನಿವಾರದ ದೂರ 15ರಿಂದ ಶುರುವಾಗಿ ನಿಧಾನವಾಗಿ 42, 45 ಕಿಲೋಮೀಟರ್ ಮುಟ್ಟಲಿ. ಅದಕ್ಕಿಂತ ಜಾಸ್ತಿ ಬೇಡ. ಕೊನೆಯ ಎರಡು ವಾರ ಪೂರ್ತಿ ಇಳಿಸಿ.

ಒಂದು ರಾತ್ರಿಯಾದರೂ ಹೆಡ್‌ಲ್ಯಾಂಪ್ ಹಾಕಿಕೊಂಡು ಕಾಡುದಾರಿಯಲ್ಲಿ ನಡೆದು ಅಭ್ಯಾಸ ಮಾಡಿ. ಮರದ ಮೇಲಿನ ಬಿಳಿ ಪಟ್ಟಿಗಳೇ ಅಪಲಾಚಿಯನ್ ಟ್ರೇಲ್‌ನ ಗುರುತು. ನೀಲಿ ಪಟ್ಟಿ ಕಂಡರೆ ಅದು ಪಕ್ಕದ ದಾರಿ. ಕತ್ತಲಲ್ಲಿ ಬಿಳಿ ನೀಲಿ ಗೊಂದಲವಾಗಿ ಅರ್ಧ ಗಂಟೆ ಕಳೆದುಕೊಳ್ಳುವುದು ಸುಲಭ.

ಪಾದ: ಎಲ್ಲಕ್ಕಿಂತ ಹೆಚ್ಚು ಗಮನ ಇಲ್ಲಿರಲಿ

ಶಿವರಾತ್ರಿಗೆ ನಮ್ಮೂರಿನ ಕಡೆಯಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ನೋಡುತ್ತಾ ಬೆಳೆದವನು ನಾನು. ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ಹಿರಿಯರು ಮರದ ಕೆಳಗೆ ಕೂತು ಪಾದಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಬೆಳಗಿನ ಜಾವ ನಡೆದು, ಬಿಸಿಲೇರಿದ ಮೇಲೆ ಮಲಗಿ, ಸಂಜೆ ಮತ್ತೆ ನಡೆಯುತ್ತಿದ್ದರು. ಅವರಿಗೆ ಗೊತ್ತಿದ್ದದ್ದನ್ನು ನಾನು ಈ ದೇಶದಲ್ಲಿ ಒಂದು ಸಲ ಸೋತು ಕಲಿತೆ.

ನನ್ನ ಮೊದಲ ಪ್ರಯತ್ನ ಮುಗಿದದ್ದು ಹಿಮ್ಮಡಿಯಲ್ಲಿ. ಗ್ಯಾತ್‌ಲ್ಯಾಂಡ್ ಪಾರ್ಕ್ (21ನೇ ಕಿಲೋಮೀಟರ್) ದಾಟುವಾಗಲೇ ಬಲ ಹಿಮ್ಮಡಿಯ ಹೊರ ಅಂಚಿನಲ್ಲಿ ನಾಣ್ಯದಷ್ಟು ಜಾಗ ಬಿಸಿಯಾಗಿತ್ತು. ನೋವೇನಿರಲಿಲ್ಲ, ಬರೀ ಬಿಸಿ. "ಮುಂದಿನ ನಿಲುಗಡೆಯಲ್ಲಿ ನೋಡೋಣ" ಎಂದು ಬಿಟ್ಟೆ. ವುಲ್ಫ್ಸ್‌ವಿಲ್ ರಸ್ತೆಯ ಪಕ್ಕ ಶೂ ಬಿಚ್ಚಿದಾಗ ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದೆ. ಗುಳ್ಳೆ ಎದ್ದು, ಒಡೆದು, ಕೆಳಗಿನ ಕೆಂಪು ಚರ್ಮಕ್ಕೆ ಮರಳು ಮೆತ್ತಿಕೊಂಡಿತ್ತು. ಹೆಂಡತಿಗೆ ಫೋನ್ ಮಾಡಿದೆ, ಬಂದು ಕರೆದುಕೊಂಡು ಹೋದಳು.

ಆ ಬಿಸಿಯೇ ಎಚ್ಚರಿಕೆಯ ಗಂಟೆ. ಬಿಸಿ ಅನ್ನಿಸಿದ ಆ ಕ್ಷಣಕ್ಕೇ ನಿಲ್ಲಬೇಕು. ಶೂ ಬಿಚ್ಚಿ, ಪಾದ ಒರೆಸಿ, ಪೂರ್ತಿ ಒಣಗಿದ ಮೇಲೆ ಗಟ್ಟಿ ಅಂಟಿನ ಬಟ್ಟೆ ಟೇಪ್ ಹಾಕಬೇಕು. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಎದ್ದು ಬರುವುದಿಲ್ಲ. ಐದು ನಿಮಿಷದ ಕೆಲಸ ಅಷ್ಟೇ. ಇನ್ನುಳಿದ ವಿಷಯ ಬೇಗ ಹೇಳುತ್ತೇನೆ. ದಿನವಿಡೀ ನಡೆದರೆ ಪಾದ ಊದುತ್ತದೆ, ಹಾಗಾಗಿ ಶೂ ಅರ್ಧ ಸೈಜ್ ದೊಡ್ಡದಿರಲಿ. ಹೊಸ ಶೂ ಬೇಡವೇ ಬೇಡ. ಕಾಲುಚೀಲ ಉಣ್ಣೆಯದಿರಲಿ, ಹತ್ತಿಯದು ಬೇಡ, ಎರಡು ಜೊತೆ ಹೆಚ್ಚುವರಿ ಇರಲಿ. ಉಗುರು ಮೂರು ದಿನ ಮುಂಚೆ ಕತ್ತರಿಸಿ. ತೊಡೆ ಸಂದು, ಕಂಕುಳು, ಬೆರಳ ಸಂದಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಮಧ್ಯಾಹ್ನ ಇನ್ನೊಮ್ಮೆ ಹಚ್ಚಿ. ಎರಡು ಊರುಗೋಲು ಇದ್ದರೆ ಇಳಿಜಾರಿನಲ್ಲಿ ಮೊಣಕಾಲು ನಿಮ್ಮನ್ನು ಹರಸುತ್ತದೆ.

ಹೊಟ್ಟೆ, ನೀರು, ಉಪ್ಪು

ಹಸಿವಾದಾಗ ತಿಂದರೆ ಆಗಲೇ ತಡವಾಗಿರುತ್ತದೆ. ಗಡಿಯಾರ ನೋಡಿ ಗಂಟೆಗೊಮ್ಮೆ ತಿನ್ನಿ, ಗಂಟೆಗೆ 200ರಿಂದ 250 ಕ್ಯಾಲೊರಿ ಲೆಕ್ಕ. ಅಂಗಡಿಯಲ್ಲಿ ಸಿಗುವ ಎನರ್ಜಿ ಬಾರ್ ನಾಲ್ಕನೆಯದಕ್ಕೇ ಗಂಟಲಲ್ಲಿ ಇಳಿಯುವುದಿಲ್ಲ. ನನ್ನ ಹೊಟ್ಟೆಗೆ ಒಗ್ಗಿದ್ದು ಚಟ್ನಿಪುಡಿ ತುಪ್ಪ ಸವರಿ ಸುರುಳಿ ಸುತ್ತಿದ ಚಪಾತಿ, ಖಾರದ ಅವಲಕ್ಕಿ, ಶೇಂಗಾ ಚಿಕ್ಕಿ, ಖರ್ಜೂರ. ಮಧ್ಯಾಹ್ನದ ಸೆಕೆಯಲ್ಲಿ ಸಿಹಿ ಕಂಡರೆ ವಾಕರಿಕೆ ಬರುತ್ತದೆ, ಆಗ ಉಪ್ಪು ಖಾರವೇ ಗತಿ. ಏನೇ ತೆಗೆದುಕೊಂಡು ಹೋದರೂ ಶನಿವಾರದ ನಡಿಗೆಗಳಲ್ಲಿ ತಿಂದು ನೋಡಿದ್ದೇ ಇರಲಿ.

ಬರೀ ನೀರು ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ. ಬೆವರಿನಲ್ಲಿ ಉಪ್ಪು ಹೋಗಿ, ಹೊಟ್ಟೆ ತುಂಬ ನೀರು ಸೇರಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಕರಿಕೆ, ಬೆರಳು ಊದುವುದು, ಆಮೇಲೆ ಗೊಂದಲ. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಂದು ಬಾಟಲಿಯಲ್ಲಿ ಇದು, ಇನ್ನೊಂದರಲ್ಲಿ ಸಾದಾ ನೀರು. ಬಾಯಾರಿಕೆ ಆದಾಗ ಕುಡಿಯಿರಿ.

ನೀರು ತುಂಬಿಸಿಕೊಳ್ಳಲು ಗ್ಯಾತ್‌ಲ್ಯಾಂಡ್, ಡಾಲ್‌ಗ್ರೆನ್ ಕ್ಯಾಂಪ್, ವಾಷಿಂಗ್ಟನ್ ಮಾನ್ಯುಮೆಂಟ್ ಪಾರ್ಕ್, ಪೆನ್ ಮಾರ್‌ನಲ್ಲಿ ನಲ್ಲಿ ಇವೆ. ಚಳಿಗಾಲದಲ್ಲಿ ನಲ್ಲಿ ಬಂದ್ ಇರಬಹುದು. ನಡುವೆ ಒರತೆಗಳು ಸಿಗುತ್ತವೆ, ಫಿಲ್ಟರ್ ಇಲ್ಲದೆ ಕುಡಿಯಬೇಡಿ.

ನೋವಿನ ಮಾತ್ರೆಯ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ನೀರಿಲ್ಲದೆ ಒಣಗಿದ ಮೈಗೆ ಐಬುಪ್ರೊಫೇನ್ ನುಂಗಿದರೆ ಕಿಡ್ನಿಗೆ ಹೊಡೆತ. ನುಂಗಬೇಡಿ.

ಹೊರಡುವ ದಿನ: ದಾರಿಯುದ್ದಕ್ಕೂ

ವರ್ಜೀನಿಯಾ ಗಡಿ ಇರುವುದು ಲೌಡನ್ ಹೈಟ್ಸ್ ಬೆಟ್ಟದ ಮೇಲೆ. ಅಲ್ಲಿಗೆ ಕಾರು ಹೋಗುವುದಿಲ್ಲ. ದಕ್ಷಿಣದ ಕೀಸ್ ಗ್ಯಾಪ್‌ನಲ್ಲಿ ಇಳಿದರೆ ಗಡಿಗೆ ಇನ್ನೂ ಐದಾರು ಕಿಲೋಮೀಟರ್ ನಡೆಯಬೇಕು. ಇಲ್ಲವೇ ವೆಸ್ಟ್ ವರ್ಜೀನಿಯಾದ ಹಾರ್ಪರ್ಸ್ ಫೆರಿ ಊರಿನ ಕಡೆಯಿಂದ ಬೆಟ್ಟ ಹತ್ತಿ, ಗಡಿ ಮುಟ್ಟಿ, ಅಲ್ಲಿಂದ ಗಡಿಯಾರ ಶುರು ಮಾಡಿ ಮತ್ತೆ ಇಳಿಯಬೇಕು. ಎರಡನೆಯದು ಕಡಿಮೆ ದೂರ.

ಮೂರಕ್ಕೆ ಹೊರಟರೆ ನಾಲ್ಕರ ಹೊತ್ತಿಗೆ ಶೆನಂಡೋವಾ ನದಿಯ ಸೇತುವೆ ದಾಟಿ ಹಾರ್ಪರ್ಸ್ ಫೆರಿಯಲ್ಲಿರುತ್ತೀರಿ. ಇಡೀ ದಾರಿಯನ್ನು ನೋಡಿಕೊಳ್ಳುವ ಅಪಲಾಚಿಯನ್ ಟ್ರೇಲ್ ಕನ್ಸರ್ವೆನ್ಸಿ ಸಂಸ್ಥೆಯ ಮನೆ ಈ ಊರು. ಗುಲಾಮಗಿರಿಯ ವಿರುದ್ಧ ಜಾನ್ ಬ್ರೌನ್ 1859ರಲ್ಲಿ ಶಸ್ತ್ರಾಗಾರಕ್ಕೆ ನುಗ್ಗಿದ್ದೂ ಇಲ್ಲೇ. ಊರು ಮಲಗಿರುತ್ತದೆ, ಕೋಲು ಕಲ್ಲಿಗೆ ಬಡಿಯದಂತೆ ಕೈಯಲ್ಲಿ ಹಿಡಿದು ನಡೆಯಿರಿ. ರೈಲು ಸೇತುವೆಗೆ ಅಂಟಿಕೊಂಡ ಕಾಲುಸೇತುವೆಯಲ್ಲಿ ಪೊಟೊಮ್ಯಾಕ್ ದಾಟಿದರೆ ಮೇರಿಲ್ಯಾಂಡ್. ಎರಡು ನದಿ ಕೂಡುವ ಜಾಗ ಅದು. ಕತ್ತಲಲ್ಲಿ ನೀರಿನ ಸದ್ದು ಮಾತ್ರ ಕೇಳುತ್ತದೆ.

ಇಲ್ಲೇ ಮೊದಲ ಬಲೆ. ಮುಂದಿನ ನಾಲ್ಕೈದು ಕಿಲೋಮೀಟರ್ ಹಳೆಯ ಕಾಲುವೆಯ ಪಕ್ಕದ ದಾರಿ, ಅಂಗೈಯಷ್ಟು ಸಮತಟ್ಟು. ಮೈ ತಾಜಾ, ಗಾಳಿ ತಂಪು, ಕಾಲು ತಾನಾಗೇ ಓಡುತ್ತದೆ. ಮೊದಲ ಸಲ ನಾನು ಇಲ್ಲಿ ಗಂಟೆಗೆ ಆರೂವರೆ ಕಿಲೋಮೀಟರ್ ವೇಗದಲ್ಲಿ ನಡೆದೆ. ಉಳಿಸಿದ್ದು ಹತ್ತು ಹನ್ನೆರಡು ನಿಮಿಷ, ಕಳೆದುಕೊಂಡದ್ದು ಸಂಜೆಯ ಮೀನಖಂಡ. ಗಂಟೆಗೆ ಐದು ದಾಟಬೇಡಿ. ಪಕ್ಕದಲ್ಲಿ ಒಬ್ಬರಿದ್ದರೆ ಮೂಗಿನಲ್ಲೇ ಉಸಿರಾಡುತ್ತಾ ಅವರ ಜೊತೆ ಕತೆ ಹೇಳಿಕೊಂಡು ಹೋಗುವಂಥ ನಡಿಗೆ ಇರಲಿ.

ವೆವರ್ಟನ್ ಬಂಡೆಗಳ ಏರು ಸುತ್ತು ಸುತ್ತಾಗಿ ಹತ್ತುತ್ತದೆ. ಬೆಳಕು ಹರಿಯುವುದೂ ಆಗಲೇ. ಪಕ್ಕದ ದಾರಿಯಲ್ಲಿ ಸ್ವಲ್ಪ ಹೋದರೆ ಬಂಡೆಯ ತುದಿಯಿಂದ ಪೊಟೊಮ್ಯಾಕ್ ಪೂರ್ತಿ ಕಾಣುತ್ತದೆ. ಸಮಯ ಇದೆ, ನೋಡಿಕೊಂಡು ಹೋಗಿ. ನಂತರದ ಗುರುತುಗಳು ನನ್ನ ಎರಡನೇ ನಡಿಗೆಯ ಲೆಕ್ಕದಲ್ಲಿ ಹೀಗಿವೆ:

- ಗ್ಯಾತ್‌ಲ್ಯಾಂಡ್, ಸುಮಾರು 21 ಕಿ.ಮೀ.: ಬೆಳಿಗ್ಗೆ 7.45
- ಟರ್ನರ್ಸ್ ಗ್ಯಾಪ್, ಸುಮಾರು 34 ಕಿ.ಮೀ.: 11 ಗಂಟೆ
- ವಾಷಿಂಗ್ಟನ್ ಮಾನ್ಯುಮೆಂಟ್, ಸುಮಾರು 37 ಕಿ.ಮೀ.: ಮಧ್ಯಾಹ್ನ 12.30
- ಅನಾಪೊಲಿಸ್ ರಾಕ್, ಸುಮಾರು 45 ಕಿ.ಮೀ.: 2.45
- ವುಲ್ಫ್ಸ್‌ವಿಲ್ ರಸ್ತೆ, ಸುಮಾರು 55 ಕಿ.ಮೀ.: ಸಂಜೆ 5.30
- ಹೈ ರಾಕ್, ಸುಮಾರು 67 ಕಿ.ಮೀ.: ರಾತ್ರಿ 8.30

ಗ್ಯಾತ್‌ಲ್ಯಾಂಡ್‌ನಲ್ಲಿ ದಾರಿ ಪಕ್ಕವೇ ಒಂದು ದೊಡ್ಡ ಕಲ್ಲಿನ ಕಮಾನು ನಿಂತಿದೆ. ಯುದ್ಧದ ವರದಿ ಮಾಡಿದ ಪತ್ರಕರ್ತರ ನೆನಪಿಗೆ 1896ರಲ್ಲಿ ಕಟ್ಟಿದ್ದು. ಪತ್ರಕರ್ತರಿಗೆ ಕಟ್ಟಿದ ಸ್ಮಾರಕವನ್ನು ಕಾಡಿನ ದಾರಿಯಲ್ಲಿ ನೋಡಿದ್ದು ನನಗೆ ಅದೇ ಮೊದಲು. ಈ ಬೆಟ್ಟದ ಮೂರು ಕಣಿವೆಗಳಲ್ಲಿ 1862ರ ಸೆಪ್ಟೆಂಬರ್ 14ರಂದು ಅಂತರ್ಯುದ್ಧದ ದೊಡ್ಡ ಕಾಳಗ ನಡೆಯಿತು. ನೀವು ಮೂರನ್ನೂ ದಾಟುತ್ತೀರಿ: ಕ್ರಾಂಪ್ಟನ್, ಫಾಕ್ಸ್, ಟರ್ನರ್ಸ್.

ಟರ್ನರ್ಸ್ ಗ್ಯಾಪ್‌ಗೆ ಸ್ವಲ್ಪ ಮುಂಚೆ ಡಾಲ್‌ಗ್ರೆನ್ ಕ್ಯಾಂಪ್ ಬರುತ್ತದೆ. ಸೀಸನ್‌ನಲ್ಲಿ ಬಿಸಿನೀರಿನ ಸ್ನಾನ ಸಿಗುತ್ತದೆ. ಅರ್ಧ ದಾರಿ ಇದು. ಕಾಲು ತೊಳೆದು ಒಣಗಿಸಿ, ಹೊಸ ಕಾಲುಚೀಲ ಹಾಕಿ, ಕಾಲು ಮೇಲೆ ಮಾಡಿ ಹದಿನೈದು ನಿಮಿಷ ಮಲಗಿ. ಮುಕ್ಕಾಲು ಗಂಟೆ ಇಲ್ಲಿ ಕೊಟ್ಟರೆ ಸಂಜೆ ಬಡ್ಡಿ ಸಮೇತ ವಾಪಸ್ ಬರುತ್ತದೆ. ಅಲ್ಲಿಂದ ಮುಂದೆ ಹಾಲಿನ ಬಾಟಲಿಯ ಆಕಾರದ ಕಲ್ಲಿನ ಗೋಪುರ ಕಾಣುತ್ತದೆ. ಬೂನ್ಸ್‌ಬರೋ ಊರಿನ ಜನ 1827ರಲ್ಲಿ ಜಾರ್ಜ್ ವಾಷಿಂಗ್ಟನ್ ನೆನಪಿಗೆ ತಾವೇ ಕಲ್ಲು ಹೊತ್ತು ಕಟ್ಟಿದ ಗೋಪುರ ಅದು.

ಆಮೇಲೆ ಹೆದ್ದಾರಿಯ ಮೇಲಿನ ಕಾಲುಸೇತುವೆ. ಕೆಳಗೆ ಲಾರಿಗಳು ಗುಡುಗುಟ್ಟುತ್ತಾ ಹೋಗುತ್ತವೆ. ಮನೆ ನೆನಪಾಗುವುದು ಇಲ್ಲಿಂದಲೇ. 45ರಿಂದ 55 ಕಿಲೋಮೀಟರ್ ನಡುವೆ ಮನಸ್ಸು ಬೀಳುತ್ತದೆ, ಬಹುಪಾಲು ಎಲ್ಲರಿಗೂ. ಆಗ ಉಳಿದ ದೂರ ಎಣಿಸಬೇಡಿ. ಮುಂದಿನ ರಸ್ತೆ, ಮುಂದಿನ ಒರತೆ, ಅಷ್ಟೇ. ಎಷ್ಟೋ ಸಲ ಆ ಬೇಜಾರಿಗೆ ಕಾರಣ ಹೊಟ್ಟೆ ಖಾಲಿಯಾಗಿರುವುದು. ಮೊದಲು ತಿನ್ನಿ, ಹತ್ತು ನಿಮಿಷ ಬಿಟ್ಟು ಯೋಚನೆ ಮಾಡಿ.

ಫಾಕ್ಸ್‌ವಿಲ್ ರಸ್ತೆ ದಾಟಿದ ಮೇಲೆ ರೇವನ್ ರಾಕ್ ಕಡೆಗೆ ಕಡಿದಾದ ಇಳಿತ, ಕೆಳಗೆ ಹಳ್ಳ, ತಕ್ಷಣ ಅಷ್ಟೇ ಕಡಿದಾದ ಏರು. ಏರಿನಲ್ಲಿ ಇಪ್ಪತ್ತು ಹೆಜ್ಜೆ, ಮೂರು ಉಸಿರು, ಮತ್ತೆ ಇಪ್ಪತ್ತು ಹೆಜ್ಜೆ. ಹೈ ರಾಕ್‌ನಿಂದ ಪೆನ್ ಮಾರ್‌ಗೆ ಇಳಿಯುವ ಕಲ್ಲುದಾರಿ ಇಡೀ ದಿನದ ಅತಿ ಕಷ್ಟದ ಭಾಗ. ಬೆಳಕಿದ್ದರೂ ಹೆಡ್‌ಲ್ಯಾಂಪ್ ಹಾಕಿಕೊಳ್ಳಿ. ಕಲ್ಲಿನ ಮೇಲೆ ಹಾರಬೇಡಿ, ಕಲ್ಲಿನ ನಡುವೆ ಕಾಲಿಡಿ. ಕೂರುವ ಮುಂಚೆ ಕೋಲಿನಿಂದ ತಟ್ಟಿ ನೋಡಿ, ಈ ಬಂಡೆಗಳಲ್ಲಿ ವಿಷದ ಗಿಲಕಿ ಹಾವು (ರ್ಯಾಟಲ್‌ಸ್ನೇಕ್) ಇವೆ.

ಯಾವಾಗ ನಿಲ್ಲಿಸಬೇಕು

ಇದನ್ನು ಮನೆಯಲ್ಲೇ, ಕಾಗದದ ಮೇಲೆ ಬರೆದು, ಕರೆದುಕೊಂಡು ಹೋಗಲು ಬರುವವರ ಕೈಗೂ ಒಂದು ಪ್ರತಿ ಕೊಡಿ. ಸುಸ್ತಾದ ತಲೆ ಸರಿಯಾಗಿ ತೀರ್ಮಾನ ಮಾಡುವುದಿಲ್ಲ. ನಾನು ಬರೆದುಕೊಂಡದ್ದು ಇಷ್ಟು. ನಡಿಗೆಯ ರೀತಿ ಬದಲಾಗುವಷ್ಟು ಕೀಲು ನೋವು ಬಂದರೆ ಮುಂದಿನ ರಸ್ತೆಯಲ್ಲಿ ನಿಲ್ಲಿಸುವುದು. ಬೆವರು ನಿಂತು ಚಳಿ ಆದರೆ, ಮಾತು ತೊದಲಿದರೆ, ಕುಡಿದ ನೀರೆಲ್ಲ ವಾಂತಿಯಾದರೆ ಅಲ್ಲೇ ನಿಲ್ಲಿಸಿ ಸಹಾಯಕ್ಕೆ ಕರೆ ಮಾಡುವುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ನೇರ ಆಸ್ಪತ್ರೆ. ಅದು ಮಾಂಸಖಂಡ ಒಡೆದು ಕಿಡ್ನಿಗೆ ಸೇರುತ್ತಿರುವ ಗುರುತು. ಇನ್ನು ಸಂಜೆ 7ರೊಳಗೆ ವುಲ್ಫ್ಸ್‌ವಿಲ್ ರಸ್ತೆ ಮುಟ್ಟದಿದ್ದರೆ ಅಲ್ಲೇ ಮುಗಿಸುವುದು. ಈ ದಾರಿಯ ದೊಡ್ಡ ಉಪಕಾರ ಎಂದರೆ ಕೆಲವು ಕಿಲೋಮೀಟರಿಗೆ ಒಂದು ಡಾಂಬರು ರಸ್ತೆ ಅಡ್ಡ ಬರುತ್ತದೆ. ನಿಲ್ಲಿಸಲು ಜಾಗಕ್ಕೆ ಕೊರತೆ ಇಲ್ಲ.

ಕೊನೆಯ ನಾನೂರು ಮೀಟರ್

ಪೆನ್ ಮಾರ್ ಪಾರ್ಕ್ ಮುಟ್ಟಿದ ತಕ್ಷಣ ಬೆಂಚಿನ ಮೇಲೆ ಕೂರಬೇಡಿ. ಅದಿನ್ನೂ ಮೇರಿಲ್ಯಾಂಡ್! ಮೇಸನ್ ಮತ್ತು ಡಿಕ್ಸನ್ 1763ರಿಂದ 1767ರವರೆಗೆ ಅಳೆದ ಗಡಿರೇಖೆ ಪಾರ್ಕಿನ ಆಚೆ ಇದೆ. ರೈಲು ಹಳಿ ದಾಟಿ ಸ್ವಲ್ಪ ಮುಂದೆ ಹೋದರೆ ಗಡಿಯ ಗುರುತು ಸಿಗುತ್ತದೆ. ಅಲ್ಲಿಯವರೆಗೆ ಗಡಿಯಾರ ನಿಲ್ಲಿಸುವ ಹಾಗಿಲ್ಲ. ಒಮ್ಮೆ ಕೂತರೆ ಆ ನಾನೂರು ಮೀಟರ್ ನಡೆಯಲು ಕಾಲು ಒಪ್ಪುವುದಿಲ್ಲ.

ವಾಪಸ್ ಬರುವಾಗ ನೀವು ಕಾರು ಓಡಿಸಬಾರದು. 20 ಗಂಟೆ ನಿದ್ದೆ ಇಲ್ಲದ ಕಣ್ಣು ಹೆದ್ದಾರಿಯಲ್ಲಿ ತೂಗುತ್ತದೆ. ಯಾರಾದರೂ ಬರಲೇಬೇಕು, ಅವರ ಕೈಯಲ್ಲಿ ಒಂದು ಡಬ್ಬಿ ಮೊಸರನ್ನ ಇದ್ದರೆ ಇನ್ನೂ ಒಳ್ಳೆಯದು. ಮಲಗುವ ಮುಂಚೆ ಎಷ್ಟೇ ಸುಸ್ತಾಗಿದ್ದರೂ ಸ್ನಾನ ಮಾಡಿ ಮೈಯೆಲ್ಲ ಹುಡುಕಿ: ಮೊಣಕಾಲಿನ ಹಿಂದೆ, ಸೊಂಟ, ಕಿವಿಯ ಹಿಂದೆ, ತಲೆಗೂದಲು. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಉಣುಗಿನ ಭಯ ಗೊತ್ತು. ಇಲ್ಲಿಯ ಉಣುಗು ಲೈಮ್ ಕಾಯಿಲೆ ಹರಡುತ್ತದೆ, ಮರಿಗಳು ಎಳ್ಳಿನ ಕಾಳಿಗಿಂತ ಚಿಕ್ಕವು. ಕಂಡರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ, ತಾರೀಖು ಬರೆದಿಡಿ. ಮುಂದಿನ ವಾರಗಳಲ್ಲಿ ಜ್ವರ ಬಂದರೆ ಅಥವಾ ಕಚ್ಚಿದ ಜಾಗದ ಸುತ್ತ ಕೆಂಪು ಹರಡಿದರೆ ಡಾಕ್ಟರ ಹತ್ತಿರ ಹೋಗಿ ಆ ತಾರೀಖು ಹೇಳಿ.